ಇಂಗ್ಲಿಷಿನ ‘ವಾರ್’ ಅನ್ನೋ ಪದದ ಬೇರಲ್ಲಿ ಇರೋದು ‘ಸಿಕ್ಕು’, ಶೌರ್ಯ ಅಲ್ಲ

ಸೀಮೆಸುಣ್ಣ:
ಎಲ್ರಿಗೂ ನಮಸ್ಕಾರ. ನಾನು ಹೈಸ್ಕೂಲಲ್ಲಿ ಇಂಗ್ಲಿಷ್ ಮೇಷ್ಟ್ರು. ಮೊನ್ನೆ ಒಂಬತ್ತನೇ ಕ್ಲಾಸಲ್ಲಿ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು "ಸರ್, ಯುದ್ಧ ಅನ್ನೋದು ಯುಧ್ ಅನ್ನೋ ಸಂಸ್ಕೃತ ಧಾತುವಿಂದ ಬಂತು ಅಂತ ಕನ್ನಡ ಮೇಡಂ ಹೇಳಿದ್ರು, ಹಾಗಾದ್ರೆ ವಾರ್ ಎಲ್ಲಿಂದ ಬಂತು" ಅಂತ ಕೇಳಿದ್ಲು. ಹದಿನೆಂಟು ವರ್ಷದಿಂದ ಈ ಪದ ಬೋರ್ಡ್ ಮೇಲೆ ಬರೀತಿದೀನಿ, ಒಂದಿನಾನೂ ನನಗೆ ಈ ಪ್ರಶ್ನೆ ಬಂದಿರ್ಲಿಲ್ಲ. ನಾಳೆ ಹೇಳ್ತೀನಿ ಕಣಮ್ಮ ಅಂದೆ, ಸಂಜೆ ಮನೆಗೆ ಬಂದು ದೊಡ್ಡ ನಿಘಂಟು ತೆಗೆದು ಕೂತವನು ರಾತ್ರಿ ಹನ್ನೊಂದಾದ್ರೂ ಏಳ್ಲಿಲ್ಲ.

ನನಗೆ ಸಿಕ್ಕಿದ್ದು ಇಷ್ಟು. ಈ ಪದ ಮೂಲತಃ ಹಳೇ ಇಂಗ್ಲಿಷಿಂದೇ ಅಲ್ಲ. ಹಳೇ ಇಂಗ್ಲಿಷಲ್ಲಿ ಯುದ್ಧಕ್ಕೆ ಅವರದ್ದೇ ಪದ ರಾಶಿ ಇತ್ತು, ವೀಗ್, ಗೂಥ್, ಹಿಲ್ಡ್, ಬೆಆಡು, ಓರ್ಲೆಗೆ, ಇನ್ನೂ ಇದಾವೆ, ಅವರ ಕಾವ್ಯ ಎಲ್ಲ ಇವುಗಳಿಂದಲೇ ತುಂಬಿದೆ. 1066ರಲ್ಲಿ ನಾರ್ಮನ್ನರು ಫ್ರಾನ್ಸಿನ ಉತ್ತರ ತೀರದಿಂದ ಬಂದು ಇಂಗ್ಲೆಂಡ್ ಗೆದ್ರಲ್ಲ, ಅವರ ಭಾಷೇಲಿ ಯುದ್ಧಕ್ಕೆ ‘ವೆರ್’ ಅಂತಿದ್ರು, ಹೆಚ್ಚು ಕಮ್ಮಿ ಆ ಕಾಲದಲ್ಲೇ ಅದು ಇಂಗ್ಲಿಷಿಗೆ ಬಂದು ಸೇರ್ತು. ಆಮೇಲೆ ಮನೆಯ ಪದಗಳೆಲ್ಲ ಒಂದೊಂದಾಗಿ ಸತ್ವು, ಬಂದಿದ್ದು ಮಾತ್ರ ಉಳೀತು. ಆದ್ರೆ ಆ ‘ವೆರ್’ ಕೂಡ ಲ್ಯಾಟಿನ್ ಅಲ್ಲ, ಅದಕ್ಕೂ ಮುಂಚೆ ಫ್ರಾಂಕರು ಅನ್ನೋ ಜರ್ಮನಿಕ್ ಜನ ಆಡ್ತಿದ್ದ ‘ವೆರ್ರ’ ಅನ್ನೋ ಪದ, ಅದರ ಬೇರಿನ ಅರ್ಥ ಗೊಂದಲ, ಕಲಸುಮೇಲೋಗರ, ಅಸ್ತವ್ಯಸ್ತ ಮಾಡೋದು. ವರ್ಸ್ ಅಂದ್ರೆ ‘ಇನ್ನೂ ಕೆಟ್ಟದ್ದು’ ಅಂತಾರಲ್ಲ, ಅದನ್ನೂ ಇದೇ ಬೇರಿಗೆ ಸೇರಿಸ್ತಾರೆ ವಿದ್ವಾಂಸರು.

ಅಂದ್ರೆ ಇಷ್ಟು ದೊಡ್ಡ ಪದದ ಒಳಗೆ ವೀರನೂ ಇಲ್ಲ ಕತ್ತಿಯೂ ಇಲ್ಲ, ಎಲ್ಲ ಕಲಸಿಹೋದ ಸ್ಥಿತಿ ಮಾತ್ರ ಇದೆ. ಇದನ್ನ ಮಕ್ಕಳಿಗೆ ಕನ್ನಡದಲ್ಲಿ ಹೇಗೆ ಹೇಳ್ಲಿ? ಗೊಂದಲ ಅಂದ್ರೆ ಸಪ್ಪೆ ಅನ್ಸುತ್ತೆ. ನಿಮಗೆ ಗೊತ್ತಿರೋದು ಹಂಚ್ಕೊಳ್ಳಿ.

ಅಡಿಕೆ ತೋಟ:
ಒಳ್ಳೇ ವಿಷಯ ತೆಗೆದ್ರಿ ಮೇಷ್ಟ್ರೇ. ಒಂದು ಡೌಟು, ಫ್ರೆಂಚಲ್ಲಿ ಯುದ್ಧಕ್ಕೆ ‘ಗೇರ್’ ಅಂತಾರೆ, ಸ್ಪ್ಯಾನಿಷ್ ಇಟಾಲಿಯನ್ ಎರಡರಲ್ಲೂ ‘ಗೆರ್ರಾ’ ಅಂತಾರೆ. ನೀವು ‘ವೆರ್’ ಅಂತಿದೀರಿ. ವ ಎಲ್ಲಿ ಗ ಎಲ್ಲಿ?

ಸೀಮೆಸುಣ್ಣ:
ಎರಡೂ ಒಂದೇ ಪದ. ಜರ್ಮನಿಕ್ ಭಾಷೆಯ ತುಟಿ ದುಂಡಗೆ ಮಾಡಿ ಅನ್ನೋ ‘ವ’ ಪ್ಯಾರಿಸ್ ಕಡೆ ಫ್ರೆಂಚರ ಬಾಯಲ್ಲಿ ‘ಗ್ವ’ ಆಯ್ತು, ಆಮೇಲೆ ಬರೀ ‘ಗ’ ಆಯ್ತು. ನಾರ್ಮಂಡಿ ಕಡೆಯವರು ‘ವ’ ಹಾಗೇ ಇಟ್ಕೊಂಡ್ರು. ಇಂಗ್ಲಿಷು ಮೊದಲು ನಾರ್ಮನ್ನರ ಹತ್ರ ‘ವ’ ಪದ ತಗೊಂಡು, ಎಷ್ಟೋ ವರ್ಷ ಆದ್ಮೇಲೆ ಪ್ಯಾರಿಸ್ ಕಡೆಯಿಂದ ಅದೇ ಪದ ‘ಗ’ ರೂಪದಲ್ಲಿ ಮತ್ತೊಂದ್ಸಲ ತಗೊಂಡಿತು, ಎಷ್ಟೋ ಪದ ಹೀಗೆ ಜೋಡಿ ಜೋಡಿ ಇದಾವೆ. ಫ್ರಿಜ್ ತಗೊಂಡಾಗ ಅಂಗಡಿಯವನು ವಾರಂಟಿ ಇದೆ ಗ್ಯಾರಂಟಿ ಇಲ್ಲ ಅಂತಾನಲ್ಲ, ಆ ವಾರಂಟಿ ಗ್ಯಾರಂಟಿ ಎರಡೂ ಒಂದೇ ತಾಯಿ ಮಕ್ಕಳು! ಆಸ್ಪತ್ರೆ ವಾರ್ಡು, ಗೇಟ್ ಹತ್ರ ಕೂತಿರೋ ಗಾರ್ಡು, ಇವೂ ಒಂದೇ ಬೇರಿನವು. ಹಾಸ್ಟೆಲ್ ವಾರ್ಡನ್ನು, ಶಾಲೆ ಅರ್ಜೀಲಿ ಸಹಿ ಹಾಕೋ ಗಾರ್ಡಿಯನ್ನು, ಅವೂ. ಇಂಗ್ಲೆಂಡ್ ಗೆದ್ದ ವಿಲಿಯಂ ರಾಜನನ್ನೇ ಫ್ರೆಂಚಲ್ಲಿ ಗಿಯೋಮ್ ಅಂತಾರೆ. ನಮ್ಮಲ್ಲಿ ಪಾಲು ಹಾಲಾಯ್ತು, ವನ ಬನ ಆಯ್ತು ಅಂತ ಎಂಟನೇ ಕ್ಲಾಸಿಂದ ಓದ್ತೀವಲ್ಲ, ಆ ಥರಾನೇ.

ನೆಕ್ಕರ್ ದಂಡೆ:
ಮೇಷ್ಟ್ರೇ, ಗೊಂದಲ ಅನ್ನಬೇಡಿ, ‘ಸಿಕ್ಕು’ ಅನ್ನಿ. ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಕಡೆ ಇರೋದು, ಒಂಬತ್ತು ವರ್ಷ ಆಯ್ತು. ಇಲ್ಲಿ ಅದೇ ಬೇರು ಇನ್ನೂ ಜೀವಂತ ಇದೆ, ಆದ್ರೆ ಯುದ್ಧದ ಅರ್ಥದಲ್ಲಿ ಅಲ್ಲ. ‘ವಿರ್’ ಅಂದ್ರೆ ಸಿಕ್ಕಾಗಿರೋದು, ‘ಫೆರ್‌ವಿರೆನ್’ ಅಂದ್ರೆ ತಬ್ಬಿಬ್ಬು ಮಾಡೋದು, ‘ವಿರ್‌ವಾರ್’ ಅಂದ್ರೆ ಯಾವ ಎಳೆ ಯಾವುದಕ್ಕೆ ಸೇರಿದ್ದು ಅಂತ ತಿಳೀದಂಗೆ ಆಗಿರೋ ಗಂಟು.

ನನ್ನ ಮಗಳಿಗೆ ಗುಂಗುರು ಕೂದಲು, ನಮ್ಮ ಅತ್ತೆ ಕಡೆಯದ್ದು. ಇಲ್ಲಿನ ಶಿಶುವಿಹಾರಕ್ಕೆ ಹೊಸದಾಗಿ ಸೇರಿಸಿದ್ದಾಗ ಒಂದಿನ ಸಂಜೆ ಕರ್ಕೊಂಡು ಬರೋಕೆ ಹೋದ್ರೆ ಅಲ್ಲಿನ ಟೀಚರು ಅವಳ ತಲೆ ಮೇಲೆ ಕೈ ಆಡಿಸ್ತಾ ಪ್ರೀತಿಯಿಂದಾನೇ ಕೂದಲೆಲ್ಲ ವಿರ್ ಆಗಿದೆ ಅಂದ್ರು. ಮನೆಗೆ ಬಂದು ಕೊಬ್ಬರಿ ಎಣ್ಣೆ ಹಚ್ಚಿ ತುದಿಯಿಂದ ಒಂದೊಂದೇ ಎಳೆ ಬಿಡಿಸ್ತಾ ಕೂತೆ, ಬುಡದಿಂದ ಬಾಚಿದ್ರೆ ಇನ್ನೂ ಬಿಗಿಯಾಗುತ್ತೆ, ಅವಳು ಅಳ್ತಾಳೆ. ಮುಕ್ಕಾಲು ಗಂಟೆ ಹಿಡೀತು. ಆ ಪದವೂ ಇಂಗ್ಲಿಷಿನ ವಾರ್ ಪದವೂ ಒಂದೇ ಬೇರು ಅಂತ ಆಮೇಲೆ ಯಾವಾಗಲೋ ಓದಿದಾಗ ನನಗೆ ನೆನಪಾಗಿದ್ದು ಅವಳ ಕೂದಲೇ.

ಇನ್ನೊಂದು, ಇಲ್ಲಿಯವರು ಯುದ್ಧಕ್ಕೆ ‘ಕ್ರೀಗ್’ ಅಂತಾರೆ. ಅದರ ಹಳೇ ಅರ್ಥ ಹಟ, ಪಟ್ಟು ಹಿಡಿದು ಮಾಡೋ ಪ್ರಯತ್ನ. ಪಕ್ಕದ ಡಚ್ಚರು ಮಾತ್ರ ‘ಓರ್‌ಲೋಗ್’ ಅಂತ ಇಟ್ಕೊಂಡಿದಾರೆ, ನೀವು ಹೇಳಿದ ಸತ್ತುಹೋದ ಓರ್ಲೆಗೆ ಪದದ ನೆಂಟ ಅದು.

ಸೀಮೆಸುಣ್ಣ:
ಅಕ್ಕ, ಸಿಕ್ಕು! ಇದೇ ಬೇಕಿತ್ತು ನನಗೆ. ನಮ್ಮ ಹುಡುಗೀರಿಗೆ ಎರಡು ಜಡೆ ಹಾಕ್ಕೊಂಡು ಬರ್ಬೇಕು ಅಂತ ರೂಲ್ಸ್ ಇದೆ, ಸಿಕ್ಕು ಅಂದ್ರೆ ಏನು ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಡಲ ಕರೆ:
ಕುಡ್ಲದಿಂದ. ಹಳೇ ಇಂಗ್ಲಿಷಿನ ‘ಹಿಲ್ಡ್’ ಸತ್ತುಹೋಯ್ತು ಅಂದ್ರಲ್ಲ ಮೇಷ್ಟ್ರೇ, ಸತ್ತಿಲ್ಲ ಮಾರಾಯ್ರೆ, ನಮ್ಮ ಊರಲ್ಲಿ ಉಂಟು! ನಮ್ಮ ಇಗರ್ಜಿಗೆ (ಚರ್ಚಿಗೆ) ಬರುವ ಹಿರಿಯ ಹೆಂಗಸರ ಹೆಸರು ನೋಡಿ, ಹಿಲ್ಡಾ, ಮಟಿಲ್ಡಾ, ಈಡಿತ್. ಹಿಲ್ಡಾ ಅಂದ್ರೆ ಯುದ್ಧವೇ. ಮಟಿಲ್ಡಾ ಅಂದ್ರೆ ಬಲ ಮತ್ತು ಯುದ್ಧ. ಈಡಿತ್ ಅಂದ್ರೆ ಸಂಪತ್ತು ಮತ್ತು ಯುದ್ಧ, ಅದ್ರಲ್ಲಿ ಕೊನೆಗೆ ಇರುವುದು ನೀವು ಹೇಳಿದ ಗೂಥ್. ಗಂಡಸರ ಹೆಸರು ಲೂಯಿಸ್ ಕೂಡ ಹಾಗೆಯೇ, ಯುದ್ಧದಲ್ಲಿ ಹೆಸರು ಮಾಡಿದವ ಅಂತ ಅರ್ಥ, ಕೊನೆಯ ಭಾಗ ‘ವೀಗ್’. ನನ್ನ ಅಜ್ಜಿ ಹೆಸರೂ ಇದ್ರಲ್ಲಿ ಒಂದು, ಎಂಬತ್ತೇಳು ವರ್ಷ ಬದುಕಿದ್ರು, ಒಂದು ಕೋಳಿ ಕೊಯ್ಯುವಾಗ ಸಹ ಆಚೆ ತಿರುಗಿ ನಿಲ್ತಿದ್ರು.

ಆ ಹೆಸರು ಇಟ್ಟವರಿಗೆ ಯುದ್ಧ ಅಂದ್ರೆ ಒಳ್ಳೆಯದು ಅಂತಲೇ ಇದ್ದಿರ್ಬೇಕು, ಇಲ್ಲದಿದ್ರೆ ತೊಟ್ಟಿಲ ಮಗುವಿಗೆ ಯಾರು ಇಡ್ತಾರೆ. ವಾರ್ ಅಂತ ಹೆಸರಿಟ್ಟ ಮಗು ಮಾತ್ರ ನಾನು ಕೇಳಿಲ್ಲ.

ಹಳಗನ್ನಡದ ಹುಚ್ಚು:
ಈ ಕೊನೇ ಸಾಲು ಓದಿ ನಿಜಕ್ಕೂ ಮೈ ಜುಮ್ಮಂತು. ಯಾಕಂದ್ರೆ ನಮ್ಮ ಕಡೆ ಪದಗಳಲ್ಲೂ ಅದೇ ಇದೆ. ‘ರಣ’ ತಗೊಳ್ಳಿ. ವೇದಕಾಲದ ಸಂಸ್ಕೃತದಲ್ಲಿ ಇದರ ಮೊದಲ ಅರ್ಥ ನಲಿವು, ಸಂತೋಷ. ಯುದ್ಧ ಅಂದ್ರೆ ಕುಣಿದಾಡೋ ವಿಷಯ ಅಂತ ಆಗಿ ಆಮೇಲೆ ಯುದ್ಧಕ್ಕೇ ಹೆಸರಾಯ್ತು. ‘ಸಂಗ್ರಾಮ’ ಅಂದ್ರೆ ಗ್ರಾಮ ಗ್ರಾಮ ಎದುರಾಗೋದು, ಆಗ ಗ್ರಾಮ ಅಂದ್ರೆ ಊರಲ್ಲ, ದನ ಕರು ಗಾಡಿ ಕಟ್ಕೊಂಡು ಹೋಗೋ ಜನರ ಗುಂಪು. ‘ಸಮರ’ ಕೂಡ ಸೇರೋದು ಎದುರಾಗೋದು ಅನ್ನೋ ಅರ್ಥದ್ದು. ‘ಗವಿಷ್ಟಿ’ ಅಂತ ಋಗ್ವೇದದಲ್ಲಿ ಒಂದು ಪದ ಇದೆ, ಅಕ್ಷರಶಃ ಅರ್ಥ ಹಸು ಬೇಕು ಅನ್ನೋ ಆಸೆ, ಬಳಕೆಯಲ್ಲಿ ಅರ್ಥ ಯುದ್ಧ! ನಮ್ಮ ವೀರಗಲ್ಲು ನೋಡಿದವರಿಗೆ ಇದು ಆಶ್ಚರ್ಯ ಆಗಲ್ಲ, ಎಷ್ಟೋ ಕಲ್ಲುಗಳಲ್ಲಿ ಕೆಳಗಿನ ಪಟ್ಟಿಕೇಲಿ ದನ ನಿಂತಿರ್ತಾವೆ, ತುರುಗೋಳ್ ಅಂತಾರೆ, ತುರು ಅಂದ್ರೆ ಹಸು, ಅದನ್ನ ಹೊಡ್ಕೊಂಡು ಹೋದವರ ಹಿಂದೆ ಓಡಿ ಬಿಡಿಸ್ಕೊಂಡು ಸತ್ತ ಊರಿನ ಹುಡುಗನಿಗೆ ಆ ಕಲ್ಲು.

ಆಮೇಲೆ ಮೇಷ್ಟ್ರೇ, ನಿಮ್ಮ ಕನ್ನಡ ಮೇಡಂಗೆ ಇದನ್ನ ಹೇಳಿ. ಸಂಧಿ, ಸಮಾಸ, ವಿಗ್ರಹವಾಕ್ಯ ಅಂತ ವ್ಯಾಕರಣದಲ್ಲಿ ಓದಿಸ್ತಾರಲ್ಲ, ಅದೇ ಸಂಧಿ ವಿಗ್ರಹ ರಾಜ್ಯಾಡಳಿತದಲ್ಲೂ ಇದ್ವು. ಸಂಧಿ ಅಂದ್ರೆ ಕೂಡಿಸೋದು, ಅಂದ್ರೆ ಶಾಂತಿ ಒಪ್ಪಂದ. ವಿಗ್ರಹ ಅಂದ್ರೆ ಬಿಡಿಸೋದು, ಬೇರೆ ಬೇರೆ ಮಾಡೋದು, ಅಂದ್ರೆ ಯುದ್ಧ. ಎರಡನ್ನೂ ನೋಡ್ಕೊಳ್ಳೋ ಮಂತ್ರಿಗೆ ಸಂಧಿವಿಗ್ರಹಿ ಅಂತ ನಮ್ಮ ಶಾಸನಗಳಲ್ಲಿ ಬರುತ್ತೆ. ಹಾಗಾಗಿ ವಿಗ್ರಹವಾಕ್ಯ ಬರೆಯೋ ಪ್ರತಿ ಮಗುವೂ ಗೊತ್ತಿಲ್ಲದೇ ಯುದ್ಧದ ಒಂದು ಪದ ಬರೀತಿದೆ.

ಅಡಿಕೆ ತೋಟ:
ಅಪ್ಪಟ ಕನ್ನಡದ್ದು ಹೇಳಿ ಸ್ವಾಮಿ. ಕನ್ನಡದಲ್ಲಿ ಸಿಕ್ಕು ಮತ್ತೆ ಕಾಳಗ ಎರಡೂ ಸೇರಿರೋ ಪದ ಇದೆಯಾ?

ಹಳಗನ್ನಡದ ಹುಚ್ಚು:
ಒಂದು ಪೂರ್ತಿ ದಿನ ಇದನ್ನೇ ಯೋಚನೆ ಮಾಡಿದೆ. ಹೋರಾಟ ಅನ್ನೋದು ಹಳಗನ್ನಡದ ‘ಪೋರ್’ ಇಂದ, ತಮಿಳರು ಇವತ್ತಿಗೂ ಯುದ್ಧಕ್ಕೆ ಪೋರ್ ಅಂತಾನೇ ಅನ್ನೋದು, ಅದ್ರಲ್ಲಿ ಸಿಕ್ಕಿಲ್ಲ. ಆದ್ರೆ ‘ತೊಡರು’ ಇದೆಯಲ್ಲ! ದಾರ ಕಾಲಿಗೆ ತೊಡರಿಕೊಳ್ತು ಅಂತೀವಿ. ಹಳಗನ್ನಡದಲ್ಲಿ ತೊಡರ್ ಅಂದ್ರೆ ಸಿಕ್ಕಿಹಾಕ್ಕೊಳ್ಳೋದೂ ಹೌದು, ಒಬ್ಬನನ್ನ ಎದುರಿಸಿ ಮೇಲೆ ಬೀಳೋದೂ ಹೌದು. ವೀರರು ಕಾಲಿಗೆ ಬಿರುದಿನ ಗುರುತು ಅಂತ ಹಾಕ್ಕೊಳ್ತಿದ್ದ ಸರಪಳಿಗೂ ತೊಡರು ಅಂತಾನೇ ಹೆಸರು, ಬೇಕಾದ್ರೆ ಬಂದು ನನ್ನ ಜೊತೆ ಸಿಕ್ಕಿಹಾಕ್ಕೋ ಅಂತ ಸವಾಲು ಹಾಕೋ ಗುರುತು ಅದು. ಫ್ರಾಂಕರ ವೆರ್ರ ಪದಕ್ಕೆ ನಮ್ಮಲ್ಲಿ ಹತ್ತಿರದ ಪದ ಕೇಳಿದ್ರೆ ನಾನು ಇದನ್ನೇ ಕೊಡ್ತೀನಿ.

ನಂದಗಡದ ಹಾದಿ:
ಬೆಳಗಾವಿ ಕಡೆಯಂವ ರೀ ನಾನು. ಇಷ್ಟೊತ್ತನಾ ಓದಕೋತ ಕುಂತಿದ್ದೆ, ಬಾಳ ಚಲೋ ನಡದೈತಿ. ಒಂದು ಮಾತ ಹೇಳತೀನಿ. ಸಂಗೊಳ್ಳಿ ರಾಯಣ್ಣನ ಬಗ್ಗೆ ಭಾಷಣ ಮಾಡಾವರು ಎಲ್ಲಾರೂ ಗೆರಿಲ್ಲಾ ಯುದ್ಧ ಅಂತಾರ, ಪುಸ್ತಕದಾಗೂ ಹಂಗ ಬರೀತಾರ, ಕೆಲವರು ಗೊರಿಲ್ಲಾ ಯುದ್ಧ ಅಂತ ಬ್ಯಾನರ್ ಹಾಕ್ಯಾರ, ನೋಡಿದ್ರ ಹೊಟ್ಟಿ ಉರೀತೈತಿ. ಗೊರಿಲ್ಲಾ ಅಂದ್ರ ಆಫ್ರಿಕಾದ ಮಂಗ್ಯಾ, ಅದಕ್ಕೂ ಇದಕ್ಕೂ ಸಂಬಂಧನ ಇಲ್ಲ. ಗೆರಿಲ್ಲಾ ಸ್ಪ್ಯಾನಿಷ್ ಮಾತು, ಗೆರ್ರಾ ಅಂದ್ರ ಯುದ್ಧ, ಗೆರಿಲ್ಲಾ ಅಂದ್ರ ಸಣ್ಣ ಯುದ್ಧ. 1808ರಾಗ ನೆಪೋಲಿಯನ್ ಸ್ಪೇನ್ ಹಿಡಕೊಂಡಾಗ ಅಲ್ಲಿ ರೈತರು, ಹಳ್ಳಿ ಮಂದಿ ಗುಡ್ಡದಾಗ ಕುಂತು ಫ್ರೆಂಚ್ ದಂಡಿನ ಮ್ಯಾಲೆ ಬೀಳತಿದ್ರು, ಆ ಹೊತ್ತಿನಾಗ ಇಂಗ್ಲಿಷಿಗೆ ಈ ಮಾತು ಬಂತು. ಅದು ಬಂದ ಇಪ್ಪತ್ತು ವರ್ಷದಾಗ ಇಲ್ಲಿ ನಮ್ಮ ರಾಯಣ್ಣ ಕಿತ್ತೂರ ಸೀಮಿ ಗುಡ್ಡದಾಗ ಅದನ್ನ ಮಾಡಾಕತ್ತಿದ್ದ, 1831ರ ಜನವರಿ 26ಕ್ಕ ನಂದಗಡದಾಗ ಗಲ್ಲಿಗೆ ಹಾಕಿದ್ರು.

ಅಂದ್ರ ನೋಡ್ರಿ, ಗೆರಿಲ್ಲಾ ಯುದ್ಧ ಅಂದ್ರ ‘ಸಣ್ಣ ಯುದ್ಧದ ಯುದ್ಧ’ ಅಂದಂಗ ಆತು. ಮತ್ತ ಮೇಷ್ಟ್ರು ಹೇಳಿದಂಗ ಗೆರ್ರಾನೂ ವಾರೂ ಒಂದ ಬೇರಿನವು ಅಂದಮ್ಯಾಲೆ ಇಂಗ್ಲಿಷಿನವರು ಗೆರಿಲ್ಲಾ ವಾರ್ ಅಂದ್ರ ಒಂದ ಮಾತನ್ನ ಎರಡ ಸಲ ಅಂದಂಗ.

ಹಳಗನ್ನಡದ ಹುಚ್ಚು:
ಸರಿಯಾಗಿ ಹೇಳಿದ್ರಿ ಅಣ್ಣ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಯಲಲ್ಲಿ ಜಾಗ ಹೊತ್ತು ಗೊತ್ತುಮಾಡಿ ಮಾಡೋದಕ್ಕೆ ಪ್ರಕಾಶಯುದ್ಧ, ಉಪಾಯದಿಂದ ಮಾಡೋದಕ್ಕೆ ಕೂಟಯುದ್ಧ, ಸದ್ದಿಲ್ಲದೇ ಒಳಗಿಂದೊಳಗೆ ಮಾಡೋದಕ್ಕೆ ತೂಷ್ಣೀಂಯುದ್ಧ ಅಂತ ಬೇರೆ ಬೇರೆ ಹೆಸರೇ ಇದಾವೆ.

ಸೀಮೆಸುಣ್ಣ:
ಇನ್ನೊಂದು ಓದಿದೆ, ಹೇಳ್ದೇ ಇರೋಕಾಗ್ತಿಲ್ಲ. ವೆರ್ ಅನ್ನೋ ಈ ಪದ ಇಂಗ್ಲಿಷ್ ಬರಹದಲ್ಲಿ ಕಾಣೋ ಹಳೇ ಜಾಗಗಳಲ್ಲಿ ಒಂದು ಪೀಟರ್‌ಬರೋ ಅನ್ನೋ ಮಠದ ಸನ್ಯಾಸಿಗಳು ಬರೆದಿಟ್ಟ ವರ್ಷವಾರು ವೃತ್ತಾಂತ. 1140ನೇ ವರ್ಷದ ಕೆಳಗೆ ಬರೆದಿರೋದು, ಸ್ಟೀಫನ್ ರಾಜನಿಗೂ ಚೆಸ್ಟರಿನ ದೊರೆಗೂ ದೊಡ್ಡ ‘ವೆರ್’ ಆಯ್ತು ಅಂತ. ಅದು ಹೊರಗಿನ ಶತ್ರು ಜೊತೆ ಆಗಿದ್ದಲ್ಲ. ಆ ಸ್ಟೀಫನ್ ಕಾಲ ಅಂದ್ರೆ ಅವನೂ ಹಿಂದಿನ ರಾಜನ ಮಗಳು ಮಟಿಲ್ಡಾಳೂ ಸಿಂಹಾಸನಕ್ಕೆ ಕಿತ್ತಾಡಿ (ಕಡಲ ಕರೆಯವರೇ, ಅದೇ ಮಟಿಲ್ಡಾ ಹೆಸರು!), ಸಿಕ್ಕ ಸಿಕ್ಕ ಪಾಳೇಗಾರ ಕೋಟೆ ಕಟ್ಕೊಂಡು ರೈತರನ್ನ ಹಿಡಿದು ಹಿಂಸೆ ಕೊಟ್ಟು ದುಡ್ಡು ಕಿತ್ತ ಕಾಲ. ಕ್ರಿಸ್ತನೂ ಅವನ ಸಂತರೂ ನಿದ್ದೆ ಮಾಡ್ತಿದಾರೆ ಅಂತ ಜನ ಬಾಯಿಬಿಟ್ಟು ಅಂತಿದ್ರು ಅಂತ ಅದೇ ವೃತ್ತಾಂತದಲ್ಲಿದೆ. ಗೂಥ್, ಹಿಲ್ಡ್ ಅನ್ನೋ ಕಾವ್ಯದ ಪದಗಳು ಆ ಸನ್ಯಾಸಿಗೆ ಗೊತ್ತಿದ್ವೋ ಏನೋ, ಅವನ ಕೈಗೆ ಬಂದಿದ್ದು ಸಿಕ್ಕು ಅನ್ನೋ ಅರ್ಥದ ಪದ. ಅದೇ ವೃತ್ತಾಂತದಲ್ಲಿ ಪೀಸ್ ಅನ್ನೋ ಪದದ ಹಳೇ ರೂಪಾನೂ ಬರುತ್ತೆ, ಅದೂ ಫ್ರೆಂಚಿಂದ ಬಂದಿದ್ದು. ಯುದ್ಧವೂ ಅವರಿಂದಲೇ, ಶಾಂತಿಯೂ ಅವರಿಂದಲೇ.

ಕಪ್ಪು ಕೋಟು:
ವಕೀಲ ನಾನು, ನನಗೆ ಇದರ ಇನ್ನೊಂದು ತುದಿ ಮುಖ್ಯ ಅನ್ಸುತ್ತೆ. ಒಂಬೈನೂರು ವರ್ಷ ಮೆರೆದ ಆ ಪದವನ್ನ ಈಗ ಎಷ್ಟೋ ಸರ್ಕಾರಗಳು ಬಾಯಿಗೇ ತರಲ್ಲ. 1928ರಲ್ಲಿ ಪ್ಯಾರಿಸಲ್ಲಿ ದೇಶಗಳು ಸೇರಿ ವಾರ್ ಅನ್ನೋದನ್ನ ರಾಷ್ಟ್ರನೀತಿಯ ಸಾಧನವಾಗಿ ಬಳಸಲ್ಲ ಅಂತ ಸಹಿ ಹಾಕಿದ್ವು. ಆಮೇಲೆ ಏನಾಯ್ತು ಅಂದ್ರೆ ಹೊಡೆದಾಟ ನಿಲ್ಲಲಿಲ್ಲ, ಪದ ನಿಲ್ತು. 1945ರ ವಿಶ್ವಸಂಸ್ಥೆ ಸನ್ನದಲ್ಲಿ ಪೀಠಿಕೇಲಿ ಯುದ್ಧದ ಪಿಡುಗು ಅಂತ ಬರುತ್ತೆ, ಆದ್ರೆ ನಿಷೇಧ ಹೇಳೋ ಕಲಮಲ್ಲಿ ಇರೋದು ‘ಬಲಪ್ರಯೋಗ’. 1949ರ ಜಿನೀವಾ ಒಪ್ಪಂದಗಳಲ್ಲಿ ‘ಸಶಸ್ತ್ರ ಸಂಘರ್ಷ’ ಅನ್ನೋ ಪದ ತಂದ್ರು, ಅದು ಒಳ್ಳೇ ಉದ್ದೇಶಕ್ಕೆ, ನಾವು ಯುದ್ಧ ಘೋಷಣೆ ಮಾಡಿಲ್ಲ ಹಾಗಾಗಿ ಗಾಯಾಳು ಕೈದಿಗಳ ಬಗ್ಗೆ ನಿಯಮ ನಮಗೆ ಅನ್ವಯ ಆಗಲ್ಲ ಅಂತ ಯಾರೂ ತಪ್ಪಿಸ್ಕೊಳ್ಳಬಾರದು ಅಂತ. ಆದ್ರೆ ಅದೇ ಪದವನ್ನ 1956ರಲ್ಲಿ ಸೂಯೆಜ್ ಕಾಲುವೆ ವಿಷಯಕ್ಕೆ ಬ್ರಿಟನ್ ಈಜಿಪ್ಟ್ ಮೇಲೆ ಬಾಂಬ್ ಹಾಕ್ತಿದ್ದಾಗ ಪ್ರಧಾನಿ ಈಡನ್ ಪಾರ್ಲಿಮೆಂಟಲ್ಲಿ ನಾವು ಯುದ್ಧದಲ್ಲಿಲ್ಲ, ಸಶಸ್ತ್ರ ಸಂಘರ್ಷದಲ್ಲಿದೀವಿ ಅಂತ ಹೇಳೋಕೆ ಬಳಸಿದ್ರು. ಅಮೆರಿಕ ಕೊನೇ ಸಲ ವಿಧಿವತ್ತಾಗಿ ಯುದ್ಧ ಘೋಷಿಸಿದ್ದು 1942ರಲ್ಲಿ, ಕೊರಿಯಾ, ವಿಯೆಟ್ನಾಂ, ಇರಾಕ್ ಎಲ್ಲ ಆಮೇಲಿನವು. ರಷ್ಯಾ 2022ರಲ್ಲಿ ಉಕ್ರೇನಿಗೆ ನುಗ್ಗಿದ್ದು ವಿಶೇಷ ಸೇನಾ ಕಾರ್ಯಾಚರಣೆ ಅನ್ನೋ ಹೆಸರಲ್ಲಿ.

ಇನ್ನೊಂದು ಕಡೆ ನಮ್ಮ ಚಾನೆಲ್‌ಗಳಲ್ಲಿ ಇಬ್ಬರು ರಾಜಕಾರಣಿ ಬೈದಾಡಿಕೊಂಡ್ರೆ ಟಾಕ್ ವಾರ್, ಇಬ್ಬರು ಹೀರೋ ಫ್ಯಾನ್ಸ್ ಕಿತ್ತಾಡಿದ್ರೆ ಸ್ಟಾರ್ ವಾರ್. ಹೆಣ ಬೀಳೋ ಕಡೆ ಆ ಪದ ಇಲ್ಲ, ಹೆಣ ಬೀಳದ ಕಡೆ ಇದೆ. ಇದು ನನಗೆ ತುಂಬಾ ಸಂಕಟ ಕೊಡೋ ವಿಷಯ.

ಅಡಿಕೆ ತೋಟ:
ಟಾಕ್ ವಾರ್ ಬಗ್ಗೆ ನಾನು ಒಪ್ಪಲ್ಲ ಸರ್. ಕನ್ನಡದಲ್ಲಿ ವಾಗ್ಯುದ್ಧ ಅನ್ನೋದು ಮೊದಲಿಂದ ಇದೆ, ಶೀತಲ ಸಮರ ಅಂತೀವಿ, ಯಕ್ಷಗಾನದಲ್ಲಿ ಎಷ್ಟು ಪ್ರಸಂಗದ ಹೆಸರು ಕಾಳಗ ಅಂತಾನೇ ಮುಗಿಯುತ್ತೆ, ಅಲ್ಲಿ ರಾತ್ರಿಯಿಡೀ ನಡೆಯೋದು ಮುಕ್ಕಾಲು ಪಾಲು ಮಾತೇ. ಮಾತನ್ನ ಯುದ್ಧ ಅನ್ನೋದು ತಪ್ಪಲ್ಲ. ಯುದ್ಧವನ್ನ ಯುದ್ಧ ಅನ್ನದೇ ಇರೋದು ತಪ್ಪು. ಅದನ್ನ ಒಪ್ತೀನಿ.

ಲೈನ್‌ಮ್ಯಾನ್:
ಮೂರು ದಿನದಿಂದ ಓದ್ತಾ ಇದೀನಿ, ಬರೀಬೇಕೋ ಬೇಡ್ವೋ ಅಂತ ಯೋಚಿಸ್ತಿದ್ದೆ. ನಾನು ಹಾಸನ ಜಿಲ್ಲೆಯವನು, ಸೈನ್ಯದಲ್ಲಿ ಸಿಗ್ನಲ್ಸ್‌ನಲ್ಲಿದ್ದೆ, ಈಗ ನಿವೃತ್ತಿ. 1999ರಲ್ಲಿ ಕಾರ್ಗಿಲ್ ಹತ್ರದ ದ್ರಾಸ್ ಕಡೆ ಇದ್ದೆ. ನಮ್ಮದು ಬಂದೂಕಿನ ಕೆಲಸ ಅಲ್ಲ, ಟೆಲಿಫೋನ್ ಲೈನಿಂದು. ಕೇಬಲ್ ಡ್ರಮ್ ಬೆನ್ನಿಗೆ ಹಾಕ್ಕೊಂಡು ಕಲ್ಲು ಬಂಡೆ ಮಧ್ಯೆ ತಂತಿ ಎಳ್ಕೊಂಡು ಹೋಗೋದು. ಹಗಲು ಎಳೆದಿದ್ದು ರಾತ್ರಿ ಶೆಲ್ ಬಿದ್ದು ತುಂಡಾಗೋದು, ಮತ್ತೆ ಹೋಗಿ ಜೋಡಿಸೋದು.

ಜರ್ಮನಿ ಅಕ್ಕ ಸಿಕ್ಕು ಅಂತ ಬರೆದ್ರಲ್ಲ, ಅದನ್ನ ಓದಿ ಆವತ್ತಿಂದ ನಿದ್ದೆ ಸರಿ ಇಲ್ಲ, ತಪ್ಪು ತಿಳೀಬೇಡಿ ಅಕ್ಕ, ಬೇಜಾರಿಂದ ಹೇಳ್ತಿಲ್ಲ. ಒಂದು ರಾತ್ರಿ ಒಂದೇ ಜಾಗದಲ್ಲಿ ನಾಲ್ಕೈದು ಲೈನ್ ಒಟ್ಟಿಗೆ ಎಗರಿಹೋಗಿತ್ತು. ಟಾರ್ಚ್ ಹಾಕೋ ಹಾಗಿಲ್ಲ. ಚಳಿಗೆ ಬೆರಳು ಮರಗಟ್ಟಿರುತ್ತೆ, ಗ್ಲೌಸ್ ಹಾಕಿದ್ರೆ ತಂತಿ ಕೈಗೆ ತಿಳಿಯಲ್ಲ, ತೆಗೆದ್ರೆ ಬೆರಳೇ ತಿಳಿಯಲ್ಲ. ಎಲ್ಲ ತಂತಿ ಒಂದಕ್ಕೊಂದು ಸುತ್ಕೊಂಡು ಮುದ್ದೆ ಆಗಿ ಬಿದ್ದಿತ್ತು. ಒಂದೊಂದು ತುದಿ ಹುಡುಕಿ, ಹಲ್ಲಲ್ಲಿ ಸಿಪ್ಪೆ ಕಚ್ಚಿ ತೆಗೆದು, ಟೆಲಿಫೋನ್ ಕಚ್ಚಿಸಿ ತಿರುಗಿಸಿ ಆ ಕಡೆ ಯಾರು ಉತ್ತರ ಕೊಡ್ತಾರೆ ಅಂತ ಕೇಳೋದು. ಒಂದರಲ್ಲಿ ಉತ್ತರ ಬಂತು. ಇನ್ನೊಂದರಲ್ಲಿ ಬಂತು. ಒಂದು ಲೈನು ಸರಿ ಇತ್ತು, ಎಲ್ಲೂ ತುಂಡಾಗಿರ್ಲಿಲ್ಲ, ಆ ಕಡೆ ಎತ್ತೋರು ಇರ್ಲಿಲ್ಲ.

ವಕೀಲ್ರು ಹೇಳಿದ್ದು ನಿಜ. ಆವತ್ತೂ ಯುದ್ಧ ಅಂತ ಘೋಷಣೆ ಆಗಿರ್ಲಿಲ್ಲ, ಕಾಗದದಲ್ಲಿ ನಮ್ಮದು ಆಪರೇಷನ್ ವಿಜಯ್.

ನೆಕ್ಕರ್ ದಂಡೆ:
ಅಣ್ಣ, ಏನು ಬರೀಬೇಕೋ ಗೊತ್ತಾಗ್ತಿಲ್ಲ. ನಮಸ್ಕಾರ ನಿಮಗೆ. ನಿದ್ದೆ ಕೆಡಿಸಿದ್ದಕ್ಕೆ ಕ್ಷಮಿಸಿ.

ಸೀಮೆಸುಣ್ಣ:
ಅಣ್ಣ, ಇವತ್ತು ಕ್ಲಾಸಲ್ಲಿ ಹೇಳಿದೆ. ಮೊದಲು ವಾರಂಟಿ ಗ್ಯಾರಂಟಿ, ಆಮೇಲೆ ಸಿಕ್ಕು, ತೊಡರು. ನಿಮ್ಮ ತಂತಿ ವಿಷಯ ಯಾರು ಏನು ಅಂತ ಹೇಳದೇ ಹೇಳಿದೆ, ಐವತ್ತೆರಡು ಮಕ್ಕಳು ಒಂದು ಸದ್ದು ಮಾಡ್ಲಿಲ್ಲ. ಪ್ರಶ್ನೆ ಕೇಳಿದ ಆ ಹುಡುಗೀನೇ ಮತ್ತೆ ಎದ್ದು "ಸರ್, ಅಲ್ಲಿದ್ದವರು ಅದನ್ನ ವಾರ್ ಅಂತಿದ್ರಾ, ಯುದ್ಧ ಅಂತಿದ್ರಾ, ಆಪರೇಷನ್ ಅಂತಿದ್ರಾ" ಅಂದ್ಲು. ನನಗೆ ಗೊತ್ತಿಲ್ಲ, ಕೇಳಿ ಹೇಳ್ತೀನಿ ಅಂದಿದೀನಿ.

ಲೈನ್‌ಮ್ಯಾನ್:
ಮೂರೂ ಅಂತಿರ್ಲಿಲ್ಲ ಸರ್. ಯುದ್ಧ ಅನ್ನೋದು ರೇಡಿಯೋದಲ್ಲಿ, ಊರಿಂದ ಬರೋ ಪತ್ರದಲ್ಲಿ. ನಮ್ಮ ನಮ್ಮಲ್ಲಿ ಬರೀ ‘ಮೇಲೆ’ ಅಂತಿದ್ವಿ. ಇವತ್ತು ಅವನು ಮೇಲೆ ಹೋದ, ನಾಳೆ ನನ್ನ ಪಾಳಿ ಮೇಲೆ, ಮೇಲಿಂದ ಇನ್ನೂ ಬಂದಿಲ್ಲ. ರಜೆಗೆ ಬಂದಾಗಲೂ ನನ್ನ ಬಾಯಲ್ಲಿ ಅದೇ ಬರ್ತಿತ್ತು, ಮನೆಯವರಿಗೂ ಅಭ್ಯಾಸ ಆಗಿಹೋಯ್ತು. ನಮ್ಮ ದೊಡ್ಡ ಮಗ ಹುಟ್ಟಿದ್ದು ಅದೇ ವರ್ಷ, ಯಾರಾದ್ರೂ ಅವನ ವಯಸ್ಸು ಕೇಳಿದ್ರೆ ನನ್ನ ಹೆಂಡತಿ ಇವತ್ತಿಗೂ "ಇವರು ಮೇಲೆ ಇದ್ದಾಗ ಹುಟ್ಟಿದ್ದು" ಅಂತಾಳೆ.